ಜಿಂಕ್ ಕಡಿಮೆ, ಕಾಪರ್ ಜಾಸ್ತಿ ಅಂತ ರಿಪೋರ್ಟ್ ಬಂದಿದೆ, 28ನೇ ವಾರ. ಮಗುವಿನ ತೂಕಕ್ಕೆ ತೊಂದರೆ ಆಗುತ್ತಾ?

ಬನಶಂಕರಿ_ಬಯಕೆ

ಎಲ್ಲರಿಗೂ ನಮಸ್ಕಾರ. ಮೊದಲನೇ ಬಸಿರು, 28ನೇ ವಾರ ನಡೆಯುತ್ತಿದೆ. ಮನೆಗೇ ಬಂದು ರಕ್ತ ತಗೊಂಡು ಹೋಗುವ ಒಂದು ಲ್ಯಾಬಿನಲ್ಲಿ ‘ಮಿನರಲ್ ಪ್ಯಾನೆಲ್’ ಮಾಡಿಸಿದೆವು. ಡಾಕ್ಟರ್ ಬರೆದುಕೊಟ್ಟಿದ್ದಲ್ಲ. ಆಫರ್ ಇತ್ತು, ನಮ್ಮ ಯಜಮಾನರು ಬುಕ್ ಮಾಡಿದರು. ಆಫರ್ ಕಳೆದೂ ಮೂರು ಸಾವಿರ ದಾಟಿತು, ಅದು ಬೇರೆ ವಿಷಯ.

ರಿಪೋರ್ಟಿನಲ್ಲಿ ಇರುವುದು ಹೀಗೆ:

ಜಿಂಕ್ 61 – ಕೆಂಪು ಅಕ್ಷರ (ಇರಬೇಕಾದದ್ದು 70ರಿಂದ 120 ಅಂತೆ)
ಕಾಪರ್ 208 – ಕೆಂಪು ಅಕ್ಷರ, ಪಕ್ಕದಲ್ಲಿ ಮೇಲ್ಮುಖ ಬಾಣ (80ರಿಂದ 155)
ಕ್ಯಾಲ್ಸಿಯಂ 8.5 – ಕೆಂಪು
ಹಿಮೋಗ್ಲೋಬಿನ್ 10.6 – ಕೆಂಪು
ಫೆರಿಟಿನ್ 11 – ಕಪ್ಪು, ನಾರ್ಮಲ್ (10ರಿಂದ 290)
ಮೆಗ್ನೀಷಿಯಂ – ನಾರ್ಮಲ್

ರಿಪೋರ್ಟ್ ಬಂದ ಸಂಜೆಯೇ ಲ್ಯಾಬ್ ಕಡೆಯ ‘ಕೌನ್ಸೆಲರ್’ ಫೋನ್ ಮಾಡಿದರು. ಜಿಂಕ್ ಕಡಿಮೆ ಇದ್ದು ಕಾಪರ್ ಜಾಸ್ತಿ ಇದ್ದರೆ ಮಗು ಬೆಳೆಯುವುದಿಲ್ಲ, ತೂಕ ಕಡಿಮೆ ಹುಟ್ಟುತ್ತದೆ ಅಂದರು. ಜಿಂಕ್, ಸೆಲೆನಿಯಂ, ಮೆಗ್ನೀಷಿಯಂ ಸೇರಿದ ಒಂದು ಪ್ಯಾಕ್ ತಗೊಳ್ಳಿ ಅಂತ ಲಿಂಕ್ ಕಳಿಸಿದ್ದಾರೆ. ಅವತ್ತಿಂದ ನಿದ್ದೆ ಇಲ್ಲ. ನಮ್ಮ ನಾದಿನಿಯ ಮಗು 2.2 ಕೆಜಿ ಹುಟ್ಟಿತ್ತು. ಅತ್ತೆ ಅದನ್ನೇ ನೆನಪಿಸುತ್ತಾ ಇದ್ದಾರೆ. ನನ್ನ ಸ್ಕ್ಯಾನಿನಲ್ಲಿ ಮಗು ಸದ್ಯ ಸರಿಯಾಗಿ ಬೆಳೆಯುತ್ತಿದೆ ಅಂತಲೇ ಇದೆ. ಡಾಕ್ಟರ್ ಭೇಟಿ ಮುಂದಿನ ವಾರ.

ಈಗ ತಗೊಳ್ಳುತ್ತಿರುವುದು: ಐರನ್ ಮಾತ್ರೆ ಒಂದು, ಕ್ಯಾಲ್ಸಿಯಂ ಒಂದು. ಎರಡನ್ನೂ ರಾತ್ರಿ ಊಟ ಆದ ಮೇಲೆ ಹಾಲಿನ ಜೊತೆ. ಯಾರಿಗಾದರೂ ಹೀಗೆ ಆಗಿತ್ತಾ?

ಸುಮಾ_ಮಲ್ಲೇಶ್ವರಂ

ನನಗೂ ಜಿಂಕ್ ಕಡಿಮೆ ಬಂದಿತ್ತು. ಜಿಂಕ್ ಮಾತ್ರೆ ತಗೊಂಡೆ. ಮಗು 3.1 ಕೆಜಿ! ತಗೊಳ್ಳಿ, ಏನೂ ಆಗಲ್ಲ.

ಲ್ಯಾಬ್_ಲಿಂಗಣ್ಣ

ಸ್ವಲ್ಪ ತಡೀರಿ, ಲಿಂಕ್ ಒತ್ತಬೇಡಿ.

ನಾನು ಲ್ಯಾಬ್ ಟೆಕ್ನಿಷಿಯನ್. ಬೇರೆ ಕಡೆ ಕೆಲಸ, ನಿಮ್ಮ ಲ್ಯಾಬ್ ಯಾವುದು ಅಂತ ಕೇಳುವುದೂ ಇಲ್ಲ. ನಿಮ್ಮ ರಿಪೋರ್ಟಿನಲ್ಲಿರುವ ‘ಇರಬೇಕಾದದ್ದು’ ಅನ್ನುವ ಕಾಲಂ ಇದೆಯಲ್ಲ, ಅದು ಬಸುರಿ ಅಲ್ಲದವರ ಲೆಕ್ಕ. ಮೆಷಿನ್ನಿಗೆ ನೀವು 28 ವಾರದ ಗರ್ಭಿಣಿ ಅಂತ ಗೊತ್ತಿಲ್ಲ. ‘ಸ್ತ್ರೀ, ಇಷ್ಟು ವರ್ಷ’ ಅಂತ ಅಷ್ಟೇ ಗೊತ್ತು.

ಬಸಿರಿನಲ್ಲಿ ರಕ್ತದ ನೀರಿನ ಭಾಗ, ಅಂದರೆ ಪ್ಲಾಸ್ಮಾ, ಹೆಚ್ಚು ಕಡಿಮೆ ಶೇಕಡಾ 40ರಿಂದ 50ರಷ್ಟು ಹೆಚ್ಚಾಗುತ್ತದೆ. ಕೆಂಪು ಕಣಗಳೂ ಹೆಚ್ಚುತ್ತವೆ, ಆದರೆ ಅಷ್ಟು ಅಲ್ಲ. ಸಾರಿಗೆ ಎರಡು ಚೆಂಬು ನೀರು ಜಾಸ್ತಿ ಸುರಿದರೆ ಸಪ್ಪೆ ಅನ್ನಿಸುತ್ತದೆ, ಆದರೆ ಹಾಕಿದ ಉಪ್ಪು ಎಲ್ಲೂ ಹೋಗಿರುವುದಿಲ್ಲ ಅಲ್ವಾ? ಜಿಂಕ್ ಕತೆ ಬಹುಪಾಲು ಅದೇ. ಜೊತೆಗೆ ಜಿಂಕ್ ಅನ್ನು ರಕ್ತದಲ್ಲಿ ಹೊತ್ತು ತಿರುಗುವ ಆಲ್ಬುಮಿನ್ ಅನ್ನುವ ಪ್ರೋಟೀನ್ ಕೂಡ ಈ ಸಮಯದಲ್ಲಿ ಇಳಿದಿರುತ್ತದೆ. ಅದಕ್ಕೇ ಜಿಂಕ್ ಬಗ್ಗೆ ಕೆಲಸ ಮಾಡುವ ಅಂತರರಾಷ್ಟ್ರೀಯ ತಜ್ಞರ ಗುಂಪು ಗರ್ಭಿಣಿಯರಿಗೆ ಬೇರೆ ಗೆರೆ ಹಾಕಿದೆ. ಮೊದಲ ಮೂರು ತಿಂಗಳು 56, ಆಮೇಲೆ 50. ಅದಕ್ಕಿಂತ ಕೆಳಗೆ ಹೋದರೆ ಮಾತ್ರ ಕಡಿಮೆ. ನಿಮ್ಮದು 61.

ಕಾಪರ್ ಇದಕ್ಕೆ ಉಲ್ಟಾ. ಈಸ್ಟ್ರೋಜನ್ ಏರಿದಾಗ ಲಿವರ್ ಸೆರುಲೋಪ್ಲಾಸ್ಮಿನ್ ಅನ್ನುವ ಪ್ರೋಟೀನ್ ಜಾಸ್ತಿ ಮಾಡುತ್ತದೆ. ರಕ್ತದ ಕಾಪರ್ ಹೆಚ್ಚಿನದ್ದು ಅದರ ಜೊತೆಗೇ ಇರುತ್ತದೆ. ಹೆರಿಗೆ ಹೊತ್ತಿಗೆ ಕಾಪರ್ ಹತ್ತಿರ ಹತ್ತಿರ ಎರಡು ಪಟ್ಟು ಆಗುವುದು ಮಾಮೂಲು. ಕೊನೆಯ ಮೂರು ತಿಂಗಳಲ್ಲಿ 208 ನೋಡಿ ನಾನಂತೂ ತಲೆ ಎತ್ತುವುದೂ ಇಲ್ಲ. ಹಾಗಾಗಿ ‘ಜಿಂಕ್ ಕೆಳಗೆ, ಕಾಪರ್ ಮೇಲೆ’ ಅನ್ನುವುದು ಕಾಯಿಲೆ ಅಲ್ಲ, ಬಸಿರು.

ಕ್ಯಾಲ್ಸಿಯಂ 8.5 ಕೂಡ ಅಷ್ಟೇ. ಆ ಪರೀಕ್ಷೆ ಆಲ್ಬುಮಿನ್‌ಗೆ ಅಂಟಿಕೊಂಡದ್ದನ್ನೂ ಸೇರಿಸಿ ಅಳೆಯುತ್ತದೆ. ಆಲ್ಬುಮಿನ್ ಇಳಿದರೆ ಅದೂ ಇಳಿಯುತ್ತದೆ. ಬಿಡಿಯಾಗಿ ಓಡಾಡುವ ಕ್ಯಾಲ್ಸಿಯಂ ಸಾಮಾನ್ಯವಾಗಿ ಇದ್ದ ಹಾಗೇ ಇರುತ್ತದೆ.

ಇನ್ನೊಂದು. ಜಿಂಕ್ ಅಳೆಯಲು ಬೇರೆಯದೇ ಟ್ಯೂಬ್ ಬೇಕು. ಮಾಮೂಲಿ ಟ್ಯೂಬಿನ ರಬ್ಬರ್ ಮುಚ್ಚಳದಿಂದಲೇ ಜಿಂಕ್ ಬಂದು ಸೇರಿಕೊಳ್ಳಬಹುದು. ಕಣ ಒಡೆದರೆ ಜಾಸ್ತಿ ತೋರಿಸುತ್ತದೆ. ತಿಂಡಿ ತಿಂದ ಮೇಲೆ ತಗೊಂಡರೆ ಕಡಿಮೆ ತೋರಿಸುತ್ತದೆ. ನಿಮ್ಮ ರಕ್ತ ಎಷ್ಟು ಹೊತ್ತಿಗೆ ತಗೊಂಡರು?

ಬನಶಂಕರಿ_ಬಯಕೆ

ಹನ್ನೊಂದು ಗಂಟೆಗೆ. ಇಡ್ಲಿ ತಿಂದಿದ್ದೆ. ಟ್ಯೂಬ್ ಯಾವುದು ಅಂತ ನೋಡಲಿಲ್ಲ.

ಲ್ಯಾಬ್_ಲಿಂಗಣ್ಣ

ಸರಿ, ಹಾಗಾದರೆ 61ಕ್ಕಿಂತ ಜಾಸ್ತಿಯೇ ಇರಬಹುದು. ಆ ವಿಷಯ ಬಿಡಿ.

ಈಗ ಕಪ್ಪು ಅಕ್ಷರದಲ್ಲಿರುವುದನ್ನು ನೋಡಿ. ಫೆರಿಟಿನ್ 11. ನಿಮ್ಮ ರಿಪೋರ್ಟಿನಲ್ಲಿ ನಿಜವಾಗಿ ಕೆಂಪಾಗಬೇಕಿದ್ದದ್ದು ಅದು. ಅದು ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ. ಗರ್ಭಿಣಿಯರಲ್ಲಿ 30ಕ್ಕಿಂತ ಕೆಳಗಿದ್ದರೇ ಬಹಳ ಡಾಕ್ಟರ್‌ಗಳು ದಾಸ್ತಾನು ಮುಗಿಯುತ್ತಾ ಬಂತು ಅಂತಾರೆ. ಲ್ಯಾಬಿನ ಗೆರೆ 10ಕ್ಕೆ ಇದೆ, 11 ಬಂತು, ‘ನಾರ್ಮಲ್’ ಅಂತ ಅಚ್ಚಾಯಿತು.

ಪದ್ಮಾ_ಪೋಷಣೆ

ಲಿಂಗಣ್ಣ ಹೇಳಿದ್ದು ಅಕ್ಷರಶಃ ಸರಿ. ನಾನು ಪೋಷಣಾ ವಿಜ್ಞಾನ ಓದಿ ಕೆಲವು ವರ್ಷ ಆಸ್ಪತ್ರೆಯಲ್ಲಿ ಡಯೆಟಿಷಿಯನ್ ಆಗಿದ್ದವಳು. ತೂಕದ ಪ್ರಶ್ನೆಗೆ ಬರುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

2.5 ಕೆಜಿಗಿಂತ ಕಡಿಮೆ ಇದ್ದರೆ ‘ಕಡಿಮೆ ತೂಕ’ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ನಮ್ಮ ದೇಶದಲ್ಲಿ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತೂಕ ದಾಖಲಾದ ಮಕ್ಕಳಲ್ಲಿ ಶೇಕಡಾ 18ರಷ್ಟು ಇದರ ಕೆಳಗೆ. ಅದೇ ಸಮೀಕ್ಷೆಯಲ್ಲಿ ಶೇಕಡಾ 52ರಷ್ಟು ಗರ್ಭಿಣಿಯರಿಗೆ ರಕ್ತಹೀನತೆ. ಹಾಗಾಗಿ ಎರಡಕ್ಕೂ ಗಂಟು ಹಾಕುವುದು ಸುಲಭ. ಆದರೆ ಮಗು ಎರಡು ಕಾರಣಕ್ಕೆ ಕಡಿಮೆ ತೂಕ ಇರಬಹುದು. ಒಂದು, ಬೇಗ ಹುಟ್ಟಿದ್ದು. ಇನ್ನೊಂದು, ದಿನ ತುಂಬಿದರೂ ಬೆಳೆಯದೇ ಇದ್ದದ್ದು. ಇವೆರಡರ ಹಿಂದಿನ ಕಾರಣ ಬೇರೆ ಬೇರೆ. ತಾಯಿಯ ಎತ್ತರ, ಬಸಿರಾಗುವ ಮೊದಲಿನ ತೂಕ, ಬಿಪಿ, ಸೋಂಕು, ಹೊಗೆಸೊಪ್ಪು, ಹೆರಿಗೆ ಹೆರಿಗೆ ನಡುವಿನ ಅಂತರ, ಅವಳಿ ಜವಳಿ, ಮಾಸು ಸರಿಯಾಗಿ ಕೂತಿದೆಯಾ ಇಲ್ಲವಾ – ಇವೆಲ್ಲ ಮುಗಿದ ಮೇಲೆ ಮಿನರಲ್ ಮಾತು.

ಅದರಲ್ಲೂ ಕಬ್ಬಿಣಕ್ಕೆ ಮಾತ್ರ ಗಟ್ಟಿ ಆಧಾರ ಇದೆ. 2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಬಂತು. ಬಸಿರಿನಲ್ಲಿ ಕಬ್ಬಿಣದ ಮಾತ್ರೆ ತಗೊಂಡವರಲ್ಲಿ ಕಡಿಮೆ ತೂಕದ ಮಗು ಹುಟ್ಟುವ ಸಾಧ್ಯತೆ ಶೇಕಡಾ 19ರಷ್ಟು ಕಡಿಮೆ. ಸರಾಸರಿ ತೂಕ ಹೆಚ್ಚಿದ್ದು ಎಷ್ಟು ಗೊತ್ತಾ? 41 ಗ್ರಾಂ. ಅಷ್ಟೇ. ಒಂದು ಮೊಟ್ಟೆಯಷ್ಟೂ ಇಲ್ಲ. ಅಂದರೆ ಮಾತ್ರೆ ನುಂಗಿದ್ದಕ್ಕೆ ಮಗು ಅರ್ಧ ಕೆಜಿ ಹೆಚ್ಚುವುದಿಲ್ಲ. ಗಡಿಯಲ್ಲಿ ಇರುವ ಮಕ್ಕಳು ಗಡಿ ದಾಟುತ್ತವೆ.

ಜಿಂಕ್ ವಿಷಯದಲ್ಲಿ ಅಂಥದ್ದು ಕಾಣುವುದಿಲ್ಲ. ಜಿಂಕ್ ಕಡಿಮೆ ಇರುವ ತಾಯಂದಿರ ಮಕ್ಕಳು ಸಣ್ಣಗಿರುತ್ತವೆ ಅಂತ ರಕ್ತ ಅಳೆದು ನೋಡಿದ ಅಧ್ಯಯನಗಳು ಬೇಕಾದಷ್ಟಿವೆ. ಆದರೆ ಜಿಂಕ್ ಕಡಿಮೆ ಇರುವವರಿಗೆ ಬೇಳೆ, ಹಾಲು, ಮೊಟ್ಟೆ, ಮಾಂಸ ಎಲ್ಲವೂ ಕಡಿಮೆಯೇ ಸಿಕ್ಕಿರುತ್ತದೆ. ಯಾವುದರಿಂದ ಏನಾಯಿತು ಅಂತ ಹೇಗೆ ಬೇರ್ಪಡಿಸುತ್ತೀರಿ? ಅರ್ಧ ಜನಕ್ಕೆ ಜಿಂಕ್, ಅರ್ಧ ಜನಕ್ಕೆ ಸುಮ್ನೆ ಮಾತ್ರೆ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಮಗುವಿನ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಸುಮಾ ಅವರೇ, ನಿಮ್ಮ ಮಗು 3.1 ಇದ್ದದ್ದು ಸಂತೋಷ. ಮಾತ್ರೆ ಇಲ್ಲದಿದ್ದರೂ 3.1 ಇರುತ್ತಿತ್ತು ಅಂತ ನನ್ನ ಅನುಮಾನ.

ಆದರೆ ಒಂದು ಸ್ವಾರಸ್ಯ ಇದೆ. ಕಬ್ಬಿಣ, ಜಿಂಕ್, ಕಾಪರ್, ಅಯೋಡಿನ್, ಸೆಲೆನಿಯಂ ಜೊತೆ ವಿಟಮಿನ್‌ಗಳೂ ಸೇರಿ ಒಟ್ಟು 15 ಇರುವ ಒಂದೇ ಮಾತ್ರೆ ಇದೆ. ಬರೀ ಕಬ್ಬಿಣ-ಫೋಲಿಕ್ ಆಸಿಡ್‌ಗೆ ಹೋಲಿಸಿದರೆ ಅದು ಕಡಿಮೆ ತೂಕದ ಹೆರಿಗೆಯನ್ನು ಇನ್ನೂ ಶೇಕಡಾ 12ರಷ್ಟು ಇಳಿಸುತ್ತದೆ ಅಂತ ದೊಡ್ಡ ವಿಮರ್ಶೆಗಳು ಹೇಳುತ್ತವೆ. ಒಂದೊಂದೇ ಕೊಟ್ಟಾಗ ಕಾಣದ್ದು ಎಲ್ಲ ಒಟ್ಟಿಗೆ ಸಣ್ಣ ಪ್ರಮಾಣದಲ್ಲಿ ಕೊಟ್ಟಾಗ ಸ್ವಲ್ಪ ಕಾಣುತ್ತದೆ. ನನಗೆ ಇದರಿಂದ ಅನ್ನಿಸುವುದು, ತಟ್ಟೆ ಬಡವಾಗಿದ್ದರೆ ಎಲ್ಲವೂ ಒಟ್ಟಿಗೇ ಬಡವಾಗಿರುತ್ತದೆ. ಒಂದನ್ನು ಹಿಡಿದು ಗುದ್ದಾಡಿ ಪ್ರಯೋಜನ ಇಲ್ಲ. ಲ್ಯಾಬಿನವರು ಮಾರುತ್ತಿರುವ ಪ್ಯಾಕ್ ಅದಲ್ಲ, ಪ್ರಮಾಣವೂ ಅದಲ್ಲ. ಜಿಂಕ್ ಜಾಸ್ತಿ ಆದರೆ ಕಾಪರ್ ಹೀರುವುದಕ್ಕೆ ಅಡ್ಡ ಬರುತ್ತದೆ, ಅದನ್ನು ಅವರು ಹೇಳುವುದಿಲ್ಲ.

ಕೆಂಗೇರಿ_ಕಾಮತ್

ಪದ್ಮಾ ಮೇಡಂ, ಲಿಂಗಣ್ಣ ಹೇಳಿದ ನೀರಿನ ಲೆಕ್ಕ ಸರಿ ಅಂತಾದರೆ ಹಿಮೋಗ್ಲೋಬಿನ್ 10.6 ಕೂಡ ನೀರು ಬೆರೆತ ಲೆಕ್ಕವೇ ಅಲ್ಲವಾ? ಅದಕ್ಕೆ ಮಾತ್ರ ಯಾಕೆ ಗಾಬರಿ?

ಪದ್ಮಾ_ಪೋಷಣೆ

ಒಳ್ಳೆ ಪ್ರಶ್ನೆ. ಸ್ವಲ್ಪ ಮಟ್ಟಿಗೆ ಹೌದು. 1995ರಲ್ಲಿ ಲಂಡನ್ ಕಡೆಯ ಒಂದೂವರೆ ಲಕ್ಷಕ್ಕೂ ಹೆಚ್ಚು ಬಸಿರುಗಳ ದಾಖಲೆ ತೆಗೆದು ನೋಡಿದರು. ಬಸಿರಿನಲ್ಲಿ ಹಿಮೋಗ್ಲೋಬಿನ್ ಇಳಿದು 9.5ರಿಂದ 10.5ರ ಹತ್ತಿರ ತಲುಪಿದವರಲ್ಲೇ ಕಡಿಮೆ ತೂಕದ ಮಕ್ಕಳು ಎಲ್ಲರಿಗಿಂತ ಕಡಿಮೆ! ಇಳಿಯದೇ ಎತ್ತರದಲ್ಲೇ ನಿಂತವರಲ್ಲಿ ತೊಂದರೆ ಜಾಸ್ತಿ. ಯಾಕೆಂದರೆ ಪ್ಲಾಸ್ಮಾ ಹಿಗ್ಗಲಿಲ್ಲ ಅಂದರೆ ಮಾಸಿಗೆ ಹೋಗುವ ರಕ್ತದ ಹರಿವೂ ಚೆನ್ನಾಗಿಲ್ಲದೇ ಇರಬಹುದು. ‘ನನ್ನ ಎಚ್‌ಬಿ 14, ಸೂಪರ್’ ಅಂತ ಏಳನೇ ತಿಂಗಳಲ್ಲಿ ಕುಣಿಯುವವರು ಇದನ್ನು ಓದಿ.

ಆದರೆ ಅದು ಕಬ್ಬಿಣದ ದಾಸ್ತಾನು ಇದ್ದವರ ಊರು. ನಮ್ಮಲ್ಲಿ ಇಳಿದದ್ದು ನೀರಿನಿಂದಲಾ, ಕಬ್ಬಿಣ ಇಲ್ಲದೆಯಾ ಅಂತ ಹಿಮೋಗ್ಲೋಬಿನ್ ಒಂದನ್ನೇ ನೋಡಿ ಹೇಳಲು ಆಗುವುದಿಲ್ಲ. ಅದಕ್ಕೇ ಫೆರಿಟಿನ್ ಬೇಕು. ಇವರದು 10.6 ಜೊತೆ ಫೆರಿಟಿನ್ 50 ಇದ್ದಿದ್ದರೆ ನಾನು ಬೇರೆ ಮಾತು ಹೇಳುತ್ತಿದ್ದೆ. 11 ಇದೆ. ಒಂದು ಬಸಿರಿಗೆ ಒಟ್ಟು ಬೇಕಾಗುವ ಕಬ್ಬಿಣ ಸುಮಾರು 1000 ಮಿಲಿಗ್ರಾಂ. ಅದರಲ್ಲಿ 300ರಷ್ಟು ಮಗು ಮತ್ತು ಮಾಸಿಗೆ. ಹೆಚ್ಚಿನ ಭಾಗ ಬೇಕಾಗುವುದು ಇನ್ನು ಮೇಲೆ, ಕೊನೆಯ ತಿಂಗಳುಗಳಲ್ಲಿ. ಮಗು ತನ್ನ ಪಾಲನ್ನು ಬಹುಮಟ್ಟಿಗೆ ಎಳೆದುಕೊಳ್ಳುತ್ತದೆ. ಸೋಲುವುದು ತಾಯಿ. ಹೆರಿಗೆಯಲ್ಲಿ ರಕ್ತ ಹೋದಾಗ ಗೊತ್ತಾಗುತ್ತದೆ.

ಇನ್ನೊಂದು, ಮಾತ್ರೆ ಜಾಸ್ತಿ ಮಾಡುವ ಮೊದಲು ಡಾಕ್ಟರ್ ಥಲಸ್ಸೀಮಿಯಾ (ಹುಟ್ಟಿನಿಂದಲೇ ಬರುವ ಹಿಮೋಗ್ಲೋಬಿನ್ ದೋಷ) ಲಕ್ಷಣ ಇದೆಯಾ ಅಂತಲೂ ನೋಡುತ್ತಾರೆ. ಕಣ ಸಣ್ಣಗಿದ್ದು ಫೆರಿಟಿನ್ ಸರಿ ಇದ್ದರೆ ಅದರ ಅನುಮಾನ. ಎಚ್‌ಪಿಎಲ್‌ಸಿ ಅಂತ ಒಂದು ರಕ್ತ ಪರೀಕ್ಷೆ. ಮೂರು ಸಾವಿರ ಅದಕ್ಕೆ ಖರ್ಚು ಮಾಡಿದ್ದರೂ ಸಾರ್ಥಕ.

ಆಶಾ_ಅಕ್ಕ

ನಾನು ಯಶವಂತಪುರ ಕಡೆ ಆಶಾ ಕಾರ್ಯಕರ್ತೆ. ಇಲ್ಲಿ ಯಾರೂ ನಮ್ಮ ಕೆಂಪು ಮಾತ್ರೆ ಬಗ್ಗೆ ಹೇಳಲಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಾಲ್ಕನೇ ತಿಂಗಳಿಂದ ದಿನಕ್ಕೊಂದು, 180 ದಿನ. ಹೆರಿಗೆ ಆದ ಮೇಲೆ ಮತ್ತೆ 180 ದಿನ. ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದು 7ಕ್ಕಿಂತ ಮೇಲಿದ್ದರೆ ದಿನಕ್ಕೆ ಎರಡು. ಅದಕ್ಕೂ ಕೆಳಗಾದರೆ ಆಸ್ಪತ್ರೆಗೆ ಕಳಿಸಬೇಕು. ಎಲ್ಲ ಪುಕ್ಕಟೆ.

ಆದರೆ ಕೊಡುವುದಕ್ಕೂ ನುಂಗುವುದಕ್ಕೂ ಬಹಳ ದೂರ. ಒಂದು ಮನೆಗೆ ಹೋಗಿದ್ದೆ. ತಾಯಿ ಕಾರ್ಡಿನಲ್ಲಿ ಎಲ್ಲ ತಿಂಗಳೂ ಮಾತ್ರೆ ಕೊಟ್ಟ ಗುರುತು ಇದೆ. ಹುಡುಗಿಯ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದರೆ ಬಿಳುಚಿಕೊಂಡಿದೆ. ಮಾತ್ರೆ ಎಲ್ಲಿ ಅಂದೆ. ಅಕ್ಕಿ ಡಬ್ಬ ತೆಗೆದು ಕೈ ಹಾಕಿದಳು. ಒಂದೊಂದಾಗಿ ಪಟ್ಟಿ ಹೊರಗೆ ಬಂತು, ಒಂದೂ ಒಡೆದಿರಲಿಲ್ಲ. ಬೆಳ್ಳಿ ಕಾಗದದ ಸಂದಿಯಲ್ಲಿ ಅಕ್ಕಿ ನುಚ್ಚು ಅಂಟಿತ್ತು. ಯಾಕಮ್ಮಾ ಅಂದರೆ ಅತ್ತೆ ಕಡೆ ನೋಡಿದಳು. ‘ಆ ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತೆ’ ಅಂತ ಅತ್ತೆ. ಕಪ್ಪಾಗುವುದು ಮಲ ಅಮ್ಮಾ, ಮಗು ಅಲ್ಲ ಅಂದೆ. ಅತ್ತೆ ನಕ್ಕರು. ಆಮೇಲೆ ಆ ಹುಡುಗಿ ನನ್ನ ಎದುರಿಗೇ ನುಂಗಲು ಶುರು ಮಾಡಿದಳು.

ಇನ್ನೊಂದು ಮಾತು ಕೇಳಿಬರುತ್ತದೆ. ಮಗು ದಪ್ಪ ಆದರೆ ಹೆರಿಗೆ ಕಷ್ಟ, ಸಿಸೇರಿಯನ್ ಆಗುತ್ತದೆ, ಹಾಗಾಗಿ ಕಡಿಮೆ ತಿನ್ನು ಅಂತ. ಎಷ್ಟು ಓದಿದವರ ಮನೆಯಲ್ಲೂ ಕೇಳಿದ್ದೇನೆ. ಒಂದು ಕಡೆ ಜಿಂಕ್ ಪರೀಕ್ಷೆ, ಇನ್ನೊಂದು ಕಡೆ ಒಂದು ಹೊತ್ತು ಊಟ ಬಿಡಿಸುವುದು!

ಹೊಟ್ಟೆಹುಳಕ್ಕೆ ನಾಲ್ಕನೇ ತಿಂಗಳ ಮೇಲೆ ಒಂದು ಅಲ್ಬೆಂಡಜೋಲ್ ಕೊಡುತ್ತಾರೆ. ಅದನ್ನೂ ಬಿಡಬೇಡಿ. ಅಂಗನವಾಡಿಯಲ್ಲಿ ಮಾತೃಪೂರ್ಣ ಊಟ 2017ರಿಂದ ಇದೆ. ಅನ್ನ, ಸಾರು, ಪಲ್ಯ, ಹಾಲು, ಮೊಟ್ಟೆ, ಶೇಂಗಾ ಚಿಕ್ಕಿ. ಬಿಸಿ ಊಟ ಅಲ್ಲೇ ಕೂತು ತಿನ್ನಬೇಕು, ಅದಕ್ಕೆ ಬಹಳ ಜನ ಬರುವುದಿಲ್ಲ. ಸಂಕೋಚ.

ವೈಟ್‌ಫೀಲ್ಡ್_ವೆಂಕಿ

ಸರ್ಕಾರಿ ಮಾತ್ರೆ ತಗೊಂಡರೆ ಹೊಟ್ಟೆ ಉರಿ, ವಾಂತಿ. ನನ್ನ ಹೆಂಡತಿಗೆ ಡಾಕ್ಟರ್ ಬೇರೆ ದುಬಾರಿ ಕಂಪನಿಯದು ಕೊಟ್ಟರು. ವ್ಯತ್ಯಾಸ ಇದ್ದೇ ಇದೆ.

ಪದ್ಮಾ_ಪೋಷಣೆ

ಹೊಟ್ಟೆ ಉರಿ ಕಬ್ಬಿಣದ ಗುಣ. ಯಾವ ಉಪ್ಪಿನ ರೂಪದಲ್ಲಿದೆ, ಎಷ್ಟಿದೆ ಅನ್ನುವುದರ ಮೇಲೆ ಹೆಚ್ಚು ಕಡಿಮೆ. ಪಟ್ಟಿಯ ಹಿಂದೆ ‘ಎಲಿಮೆಂಟಲ್ ಐರನ್’ ಎಷ್ಟು ಅಂತ ಓದಿ. ದೊಡ್ಡಕ್ಷರದಲ್ಲಿ ಬರೆದ ಸಂಖ್ಯೆ ಬೇರೆ ಇರಬಹುದು. 200 ಮಿಲಿಗ್ರಾಂ ಫೆರಸ್ ಸಲ್ಫೇಟ್ ಅಂದರೆ ಒಳಗೆ ಕಬ್ಬಿಣ 60ರ ಆಸುಪಾಸು. ದುಡ್ಡು ಜಾಸ್ತಿ ಕೊಟ್ಟ ಮಾತ್ರಕ್ಕೆ ಕಬ್ಬಿಣ ಜಾಸ್ತಿ ಸಿಗುವುದಿಲ್ಲ. ತಡೆಯಲಾಗದಿದ್ದರೆ ಊಟದ ಜೊತೆ ತಗೊಳ್ಳಿ. ಸ್ವಲ್ಪ ಕಡಿಮೆ ಹೀರುತ್ತದೆ, ಆದರೆ ವಾಂತಿ ಆಗಿ ಹೋಗುವುದಕ್ಕಿಂತ ವಾಸಿ. ಏನು ಮಾಡಿದರೂ ಆಗದಿದ್ದರೆ, ದಿನ ಹತ್ತಿರ ಬಂದಿದ್ದರೆ, ಡ್ರಿಪ್ಪಿನಲ್ಲಿ ಕಬ್ಬಿಣ ಕೊಡುವ ದಾರಿ ಇದೆ. ಅದನ್ನು ಆಸ್ಪತ್ರೆಯಲ್ಲೇ ಕೊಡಬೇಕು.

ಬಯಕೆ ಅವರೇ, ನಿಮಗೆ ಹೇಳಬೇಕಾದ ಮುಖ್ಯ ವಿಷಯ ಇದು. ಐರನ್ ಮತ್ತು ಕ್ಯಾಲ್ಸಿಯಂ ಒಟ್ಟಿಗೆ, ಅದೂ ಹಾಲಿನ ಜೊತೆ ತಗೊಳ್ಳುತ್ತಿದ್ದೀರಿ. ಕ್ಯಾಲ್ಸಿಯಂ ಕಬ್ಬಿಣ ಹೀರುವುದನ್ನು ತಡೆಯುತ್ತದೆ. ಕನಿಷ್ಠ ಎರಡು ಗಂಟೆ ಅಂತರ ಬೇಕು. ಕಾಫಿ ಟೀ ಕೂಡ ಹತ್ತಿರ ಬರಬಾರದು. ಬೆಳಗಿನ ಫಿಲ್ಟರ್ ಕಾಫಿ ಬಿಡಿ ಅಂದರೆ ನೀವು ಜಗಳಕ್ಕೆ ಬರುತ್ತೀರಿ, ಹಾಗಾಗಿ ಐರನ್ ಅನ್ನು ಹನ್ನೊಂದು ಗಂಟೆ ಸುಮಾರಿಗೆ ನಿಂಬೆ ಶರಬತ್ತಿನ ಜೊತೆ ಇಟ್ಟುಕೊಳ್ಳಿ. ಕ್ಯಾಲ್ಸಿಯಂ ಊಟದ ಜೊತೆ.

ನಿದ್ದೆಗೆಟ್ಟ_ಅಮ್ಮ

ನನ್ನದೂ ಸೇರಿಸುತ್ತೇನೆ. ನನ್ನ ಹಿಮೋಗ್ಲೋಬಿನ್ 11.8, ಕ್ಯಾಲ್ಸಿಯಂ ಸರಿ, ಥೈರಾಯ್ಡ್ ಸರಿ. ತಿನ್ನುವುದರಲ್ಲಿ ಒಂದು ದಿನ ತಪ್ಪಿಲ್ಲ. 33ನೇ ವಾರದಲ್ಲಿ ಬಿಪಿ ಏರಿತು, ಸ್ಕ್ಯಾನಿನಲ್ಲಿ ಮಾಸಿನ ರಕ್ತದ ಹರಿವು ಕಡಿಮೆ ಅಂತ ಬಂತು. 35ಕ್ಕೆ ಹೆರಿಗೆ ಮಾಡಿಸಿದರು. ಮಗಳು 1.9 ಕೆಜಿ. ಎದೆಗೆ ಕಟ್ಟಿಕೊಂಡು ಕಾಂಗರೂ ಆರೈಕೆ ಮಾಡಿದೆ. ಈಗ ಓಡಾಡುತ್ತಾಳೆ, ಮಾತು ಜಾಸ್ತಿ.

ಆಸ್ಪತ್ರೆಗೆ ನೋಡಲು ಬಂದವರೆಲ್ಲ ‘ಏನು ತಿನ್ನಲಿಲ್ಲ ನೀನು?’ ಅಂತಲೇ ಕೇಳಿದರು. ಬಾದಾಮಿ ತಿಂದಿಲ್ಲ, ಕೇಸರಿ ಹಾಲು ಕುಡಿದಿಲ್ಲ, ಅದು ಇಲ್ಲ ಇದು ಇಲ್ಲ. ಒಬ್ಬರೂ ಬಿಪಿ ಎಷ್ಟಿತ್ತು ಅಂತ ಕೇಳಲಿಲ್ಲ. ಬನಶಂಕರಿಯವರೇ, ಅತ್ತೆ ಹೇಳುವುದನ್ನು ಕೇಳಿಸಿಕೊಳ್ಳಿ, ಆದರೆ ಪ್ರತಿ ಭೇಟಿಯಲ್ಲೂ ಬಿಪಿ ಬರೆಸಿಕೊಳ್ಳಿ.

ಪದ್ಮಾ_ಪೋಷಣೆ

ಇಲ್ಲೇ ಕ್ಯಾಲ್ಸಿಯಂ ಬರುವುದು. ಮೂಳೆಗಷ್ಟೇ ಅಲ್ಲ, ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವವರಿಗೆ ಅದು ಬಿಪಿಯ ತೊಂದರೆ ಇಳಿಸುತ್ತದೆ. ಬಿಪಿ ಇಳಿದರೆ ಮಗುವನ್ನು ಅಷ್ಟು ಬೇಗ ಹೊರಗೆ ತೆಗೆಯಬೇಕಾಗುವುದಿಲ್ಲ, ತೂಕ ತಾನಾಗಿ ಕೂಡುತ್ತದೆ.

ಎಷ್ಟು ಬೇಕು ಅನ್ನುವುದಕ್ಕೆ ದೊಡ್ಡ ಉತ್ತರ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ. ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಸೇರಿ ಮಾಡಿದ ಪ್ರಯೋಗ. ಇಲ್ಲಿ 11,000 ಮೊದಲ ಹೆರಿಗೆಯ ಹೆಣ್ಣುಮಕ್ಕಳು, ಟಾಂಜಾನಿಯಾದಲ್ಲಿ ಇನ್ನೊಂದು 11,000. ಅರ್ಧ ಜನಕ್ಕೆ ದಿನಕ್ಕೆ 500 ಮಿಲಿಗ್ರಾಂ, ಅರ್ಧ ಜನಕ್ಕೆ 1500. 2024ರ ಜನವರಿಯಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಇಲ್ಲಿ ಪ್ರೀಎಕ್ಲಾಂಪ್ಸಿಯಾ, ಅಂದರೆ ಬಸಿರಿನಲ್ಲಿ ಬಿಪಿ ಏರುವ ಕಾಯಿಲೆ, ಆದದ್ದು ಕಡಿಮೆ ಪ್ರಮಾಣದವರಲ್ಲಿ ಶೇಕಡಾ 3.0, ಜಾಸ್ತಿ ಪ್ರಮಾಣದವರಲ್ಲಿ 3.6. ದಿನ ತುಂಬುವ ಮೊದಲೇ ಹೆರಿಗೆ 11.4 ಮತ್ತು 12.8. ಅಂದರೆ ಕಡಿಮೆ ಪ್ರಮಾಣ ಕೀಳಲ್ಲ. ನಮ್ಮ ಸರ್ಕಾರದ ಲೆಕ್ಕ 500ರ ಎರಡು ಮಾತ್ರೆ. ನಿಮ್ಮ ಡಾಕ್ಟರ್ ಒಂದು ಅಂದಿದ್ದರೆ ಒಂದು, ಎರಡು ಅಂದಿದ್ದರೆ ಎರಡು. ಮೂರು ನಾಲ್ಕು ನುಂಗಿದರೆ ಮಗು ಗಟ್ಟಿ ಆಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ.

ಇನ್ನೊಂದು ಪಕ್ಕದ ಮಾತು. ಅದೇ ಸಂಸ್ಥೆಯ 2006ರ ಅಧ್ಯಯನದಲ್ಲಿ ಬಿ12 ಕಡಿಮೆ ಇದ್ದ ತಾಯಂದಿರಲ್ಲಿ ಗರ್ಭದಲ್ಲೇ ಬೆಳವಣಿಗೆ ಕುಂಠಿತವಾದ ಮಕ್ಕಳು ಜಾಸ್ತಿ ಕಂಡಿದ್ದರು. ಬಿ12 ಮಿನರಲ್ ಅಲ್ಲ, ಆದರೆ ಶುದ್ಧ ಸಸ್ಯಾಹಾರಿಗಳು ಡಾಕ್ಟರನ್ನು ಕೇಳಿ.

ದಂಟಿನಸೊಪ್ಪು

ಮಾತ್ರೆ ಮಾತ್ರೆ ಅಂತೀರಲ್ಲ, ಊಟದಲ್ಲೇ ಎಲ್ಲ ಇದೆ. ಬೀಟ್‌ರೂಟ್, ದಾಳಿಂಬೆ, ಖರ್ಜೂರ ತಿನ್ನಿ. ರಾಗಿ ಮುದ್ದೆ ತಿನ್ನಿ. ನಮ್ಮ ಅಜ್ಜಿ ಒಂದು ಮಾತ್ರೆ ನುಂಗದೆ ಒಂಬತ್ತು ಹೆತ್ತಳು.

ಕೆಂಗೇರಿ_ಕಾಮತ್

ಒಂಬತ್ತರಲ್ಲಿ ಎಷ್ಟು ಉಳಿದವು? ತೂಕ ಯಾರು ಹಾಕಿದ್ದರು?

ದಂಟಿನಸೊಪ್ಪು

ಆರು. ಸರಿ ಬಿಡಿ. ಆದರೂ ರಾಗಿ ವಿಷಯದಲ್ಲಿ ಬಿಟ್ಟುಕೊಡಲ್ಲ.

ಪದ್ಮಾ_ಪೋಷಣೆ

ರಾಗಿ ವಿಷಯದಲ್ಲಿ ಬಿಟ್ಟುಕೊಡಬೇಡಿ! 100 ಗ್ರಾಂ ರಾಗಿಯಲ್ಲಿ 360 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ ಇದೆ. ಹಾಲಿನಲ್ಲಿ 120. ಆದರೆ ಕಬ್ಬಿಣಕ್ಕೆ ರಾಗಿ ನಂಬಬೇಡಿ. ಇರುವ ನಾಲ್ಕೈದು ಮಿಲಿಗ್ರಾಂ ಕೂಡ ಅದರಲ್ಲಿರುವ ಫೈಟೇಟ್ ಅನ್ನುವ ಅಂಶ ಹಿಡಿದಿಟ್ಟುಕೊಳ್ಳುತ್ತದೆ. ಜಿಂಕ್‌ಗೂ ಅದೇ ಅಡ್ಡಿ. ಮೊಳಕೆ ಬರಿಸಿ, ಒಣಗಿಸಿ, ಹಿಟ್ಟು ಮಾಡಿದರೆ ಫೈಟೇಟ್ ಇಳಿಯುತ್ತದೆ. ಅಜ್ಜಿಯಂದಿರ ಮೊಳಕೆ ರಾಗಿ ಗಂಜಿಗೆ ಅದಕ್ಕೇ ಬೆಲೆ.

ಬೀಟ್‌ರೂಟ್ ಬಣ್ಣ ಕೆಂಪು, ಅಷ್ಟೇ. 100 ಗ್ರಾಂನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ. ದಾಳಿಂಬೆ ಅದಕ್ಕಿಂತ ಬಡವ. ಗರ್ಭಿಣಿಗೆ ದಿನಕ್ಕೆ ಬೇಕಾದದ್ದು 27 ಮಿಲಿಗ್ರಾಂ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಲೆಕ್ಕ. ದಾಳಿಂಬೆಯಲ್ಲಿ ತುಂಬಿಸಲು ಹೊರಟರೆ ಕೆ.ಆರ್. ಮಾರ್ಕೆಟ್ ಖಾಲಿ ಆಗುತ್ತದೆ. ನುಗ್ಗೆಸೊಪ್ಪು, ದಂಟು, ಕಡಲೆಕಾಳು, ಹುರುಳಿ, ಎಳ್ಳು ವಾಸಿ. ನಿಂಬೆ ಹಿಂಡಿಕೊಳ್ಳಿ, ಇಲ್ಲಾ ನೆಲ್ಲಿಕಾಯಿ ನಂಚಿಕೊಳ್ಳಿ. ತಿನ್ನುವವರಿಗೆ ಮಾಂಸ, ಮೀನು ಎಲ್ಲಕ್ಕಿಂತ ಮೇಲು, ಅದರ ಕಬ್ಬಿಣ ಬೇಗ ಹೀರುತ್ತದೆ. ಉಪ್ಪು ಅಯೋಡಿನ್ ಇರುವುದೇ ಆಗಿರಲಿ. ಕಲ್ಲುಪ್ಪು, ಪಿಂಕ್ ಉಪ್ಪು ಫ್ಯಾಷನ್ ಹೆರಿಗೆ ಆದ ಮೇಲೂ ಬೇಡ.

ಇಷ್ಟೆಲ್ಲ ತಿಂದರೂ ಫೆರಿಟಿನ್ 11 ಇರುವವರಿಗೆ ಏಳನೇ ತಿಂಗಳಲ್ಲಿ ಊಟ ಒಂದರಿಂದಲೇ ಸರಿಹೋಗುವುದಿಲ್ಲ. ಸಮಯ ಸಾಲದು.

ಆಶಾ_ಅಕ್ಕ

ಒಂದು ಕೇಳಬಹುದಾ? ಬಳಪ, ಮಣ್ಣು, ವಿಭೂತಿ, ಹಸಿ ಅಕ್ಕಿ ತಿನ್ನಬೇಕು ಅನ್ನಿಸುತ್ತಾ ಯಾರಿಗಾದರೂ? ಬಯಕೆ ಅಂತ ಮನೆಯವರೇ ತಂದುಕೊಡುತ್ತಾರೆ. ಹಾಗೆ ಅನ್ನಿಸಿದರೆ ಡಾಕ್ಟರಿಗೆ ಹೇಳಿ. ಕಬ್ಬಿಣ ಕಡಿಮೆ ಇರುವವರಲ್ಲಿ ಅದು ಜಾಸ್ತಿ. ಮಣ್ಣು ತಿಂದರೆ ಇರುವ ಕಬ್ಬಿಣವನ್ನೂ ಅದು ಹಿಡಿದುಕೊಂಡು ಹೋಗುತ್ತದೆ, ಹುಳ ಬೇರೆ.

ಬನಶಂಕರಿ_ಬಯಕೆ

ಅಕ್ಕಾ, ಐಸ್! ಫ್ರಿಜ್ಜಿನ ಐಸ್ ದಿನವಿಡೀ ಕಡಿಯುತ್ತೇನೆ. ಸೆಕೆಗೆ ಅಂದುಕೊಂಡಿದ್ದೆ.

ಆಶಾ_ಅಕ್ಕ

ಅದೂ ಅದೇ ಗುಂಪಿನದ್ದು. ಡಾಕ್ಟರಿಗೆ ಹೇಳಿ.

ವೈಟ್‌ಫೀಲ್ಡ್_ವೆಂಕಿ

ನಮ್ಮ ಅಪಾರ್ಟ್‌ಮೆಂಟಿಗೆ ಟ್ಯಾಂಕರ್ ನೀರು. ಕೋಲಾರ, ಚಿಕ್ಕಬಳ್ಳಾಪುರ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಅಂತಾರಲ್ಲ, ಇದಕ್ಕೂ ಸಂಬಂಧ ಇದೆಯಾ?

ಲ್ಯಾಬ್_ಲಿಂಗಣ್ಣ

ಕುಡಿಯುವ ನೀರಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ದಾರಿ ಇಲ್ಲದಿದ್ದರೆ 1.5 ತನಕ ಅಂತ ಭಾರತೀಯ ಮಾನದಂಡ. ಫ್ಲೋರೈಡ್ ಜಾಸ್ತಿ ಆದರೆ ಕರುಳಿನ ಒಳಪದರಕ್ಕೆ ಪೆಟ್ಟು, ಕಬ್ಬಿಣ ಹೀರುವುದು ಕಡಿಮೆ ಆಗುತ್ತದೆ ಅನ್ನುವ ವಾದ ಇದೆ. ದೆಹಲಿಯಲ್ಲಿ ಗರ್ಭಿಣಿಯರಿಗೆ ಫ್ಲೋರೈಡ್ ತಪ್ಪಿಸಿ, ಊಟ ಸರಿಮಾಡಿ ನೋಡಿದ ಒಂದು ಸಣ್ಣ ಅಧ್ಯಯನದಲ್ಲಿ ಹಿಮೋಗ್ಲೋಬಿನ್, ಮಗುವಿನ ತೂಕ ಎರಡೂ ಸುಧಾರಿಸಿದ್ದವು. ಸಣ್ಣದು, ಹಾಗಾಗಿ ಅದನ್ನೇ ಹಿಡಿದು ಹೊರಡಬೇಡಿ. ನೀರು ಪರೀಕ್ಷೆ ಮಾಡಿಸಿ, ಜಿಂಕ್ ಪ್ಯಾನೆಲ್‌ಗಿಂತ ಅಗ್ಗ.

ಬನಶಂಕರಿ_ಬಯಕೆ

ಡಾಕ್ಟರ್ ನೋಡಿ ಬಂದೆ. ಜಿಂಕ್, ಕಾಪರ್ ಹಾಳೆಯನ್ನು ಅರ್ಧ ನಿಮಿಷ ನೋಡಿ ಪಕ್ಕಕ್ಕಿಟ್ಟರು. ‘ಇದನ್ನು ಯಾರು ಕೇಳಿದರು?’ ಅಂದರು. ಯಜಮಾನರು ಫ್ಯಾನ್ ನೋಡುತ್ತಿದ್ದರು. ಫೆರಿಟಿನ್ ಸುತ್ತ ಪೆನ್ನಿನಲ್ಲಿ ಗೆರೆ ಹಾಕಿದರು. ಎಚ್‌ಪಿಎಲ್‌ಸಿ ಮಾಡಿಸಿದರು, ಥಲಸ್ಸೀಮಿಯಾ ಇಲ್ಲ. ಐರನ್ ಎರಡು ಮಾಡಿದ್ದಾರೆ, ಕ್ಯಾಲ್ಸಿಯಂ ಬೇರೆ ಹೊತ್ತಿಗೆ. ನಾಲ್ಕು ವಾರ ಬಿಟ್ಟು ಮತ್ತೆ ಹಿಮೋಗ್ಲೋಬಿನ್ ನೋಡುತ್ತಾರಂತೆ, ಏರದಿದ್ದರೆ ಡ್ರಿಪ್. ಬಿಪಿ 110/70. ಬೆಳವಣಿಗೆ ಸ್ಕ್ಯಾನ್ 32ಕ್ಕೆ. ಆ ಪ್ಯಾಕ್ ಬೇಡ ಅಂದರು.

ಒಂದು ಮರೆತೆ. ನನಗೆ ಥೈರಾಯ್ಡ್ ಮಾತ್ರೆಯೂ ಇದೆ, ಬೆಳಿಗ್ಗೆ ಖಾಲಿ ಹೊಟ್ಟೆಗೆ. ಹನ್ನೊಂದಕ್ಕೆ ಐರನ್ ತಗೊಂಡರೆ ತೊಂದರೆ ಇಲ್ಲವಾ?

ಪದ್ಮಾ_ಪೋಷಣೆ

ಥೈರಾಯ್ಡ್ ಮಾತ್ರೆ ಎಷ್ಟು ಗಂಟೆಗೆ? ಐರನ್, ಕ್ಯಾಲ್ಸಿಯಂ ಎರಡಕ್ಕೂ ಅದರಿಂದ ನಾಲ್ಕು ಗಂಟೆ ಅಂತರ ಬೇಕು. ಆರೂವರೆಗೆ ನುಂಗಿದರೆ ಹನ್ನೊಂದಕ್ಕೆ ಐರನ್ ಸರಿ. ಮಧ್ಯಾಹ್ನದ ಊಟ ಒಂದೂವರೆಗೆ, ಅದರ ಜೊತೆ ಕ್ಯಾಲ್ಸಿಯಂ. ಎರಡನೇ ಐರನ್ ಸಂಜೆ ಆರಕ್ಕೆ, ಕಾಫಿಯಿಂದ ಒಂದೆರಡು ಗಂಟೆ ದೂರ. ಎರಡನೇ ಕ್ಯಾಲ್ಸಿಯಂ ಇದ್ದರೆ ರಾತ್ರಿ ಎಂಟೂವರೆಯ ಊಟಕ್ಕೆ.

ಬನಶಂಕರಿ_ಬಯಕೆ

ಏಳಕ್ಕೆ ಏಳುತ್ತೇನೆ.

ಪದ್ಮಾ_ಪೋಷಣೆ

ಹಾಗಾದರೆ ಐರನ್ ಹನ್ನೊಂದೂವರೆಗೆ ತಳ್ಳಿ, ಊಟ ಎರಡಕ್ಕೆ. ಫೋನಿನಲ್ಲಿ ಅಲಾರಂ ಇಡಿ. ಅದನ್ನು ಯಜಮಾನರಿಗೆ ಹೇಳಿ, ಬುಕಿಂಗ್ ಮಾಡುವುದರಲ್ಲಿ ಚುರುಕಿದ್ದಾರಲ್ಲ.